ಬೆಳಗಿನ ಆರರಿಂದ ಆರೂವರೆ

16 ವರ್ಷಗಳಿಂದ ಬೆಳಗ್ಗೆ ಆರರಿಂದ ಆರೂವರೆಯವರೆಗಿನ ಹೊತ್ತು ನನ್ನದು.

ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳೋದು ಕಷ್ಟ. ಮೊದಲ ನಾಲ್ಕು ವರ್ಷ ಓಡಿದೆ. ಆಮೇಲೆ ಕೆಲವು ತಿಂಗಳು ಓಡುವುದಿರಲಿ, ಸರಿಯಾಗಿ ನಡೆಯೋಕೂ ಆಗಲಿಲ್ಲ. ಚಾಪೆ ಹಾಸಿ ಅಂಗಾತ ಮಲಗಿ ಕಾಲೆತ್ತುತ್ತಿದ್ದೆ. ಒಂದಷ್ಟು ಕಾಲ ಈಜಿದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನ ಮೆಟ್ಟಿಲು ಹತ್ತಿ ಇಳಿದೆ. ಈಗ 51ರಲ್ಲಿ ಡಂಬೆಲ್ ಎತ್ತುತ್ತೇನೆ, ಬಸ್ಕಿ ಹೊಡೆಯುತ್ತೇನೆ, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುತ್ತೇನೆ. ವ್ಯಾಯಾಮ ಎಷ್ಟೋ ಸಲ ಬದಲಾಗಿದೆ. ಹೊತ್ತು ಬದಲಾಗಿಲ್ಲ. ಇಷ್ಟು ವರ್ಷಗಳಲ್ಲಿ ನನಗೆ ತಿಳಿದದ್ದು ಇದೊಂದೇ ಸಂಗತಿ. ಅದನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅನ್ನಿಸಿತು.

ಶುರುವಾದದ್ದು 35ರಲ್ಲಿ. ಮಗಳಿಗೆ ಆಗ ಮೂರು ವರ್ಷ. ಅವಳ ಜೊತೆ ನೆಲದ ಮೇಲೆ ಕೂತು ಆಡುತ್ತಿದ್ದೆ. ಏಳಬೇಕಾದಾಗ ಒಂದು ಕೈ ನೆಲಕ್ಕೆ ಊರಿದೆ, ಇನ್ನೊಂದು ಕೈಯಿಂದ ಕುರ್ಚಿ ಹಿಡಿದೆ, ಆಮೇಲೆ ಎದ್ದೆ. ಅವಳು ಅದನ್ನೇ ನೋಡುತ್ತಿದ್ದಳು. ಮರುದಿನ ಆಟ ಮುಗಿಸಿ ಏಳುವಾಗ ಅವಳೂ ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಲ್ಲಿ ಕುರ್ಚಿ ಹಿಡಿದು ಎದ್ದಳು. ಏಳೋದು ಅಂದರೆ ಹೀಗೇ ಎಂದುಕೊಂಡಿತ್ತು ಮಗು. ನನಗೆ ಎದೆ ಧಸಕ್ಕೆಂದಿತು.

ಅದಕ್ಕೂ ಮುಂಚೆ ಮೂರು ಸಲ ಶುರು ಮಾಡಿ ಬಿಟ್ಟಿದ್ದೆ. ಒಮ್ಮೆ ಜಿಮ್, ಒಮ್ಮೆ ಓಟ, ಒಮ್ಮೆ ಮನೆಯಲ್ಲೇ ವಿಡಿಯೋ ನೋಡಿಕೊಂಡು ಮಾಡುವ ವ್ಯಾಯಾಮ. ಇಂಥವರಿಗೆ ಆರಂಭಶೂರರು ಎಂಬ ಮಾತಿದೆ. ಆ ಮಾತು ನನಗೆ ಇಷ್ಟವಿಲ್ಲ. ತಪ್ಪೆಲ್ಲ ಮನುಷ್ಯನ ಗುಣದಲ್ಲೇ ಇದೆ, ಇವರ ಹಣೆಬರಹವೇ ಇಷ್ಟು ಎಂದು ಅದು ತೀರ್ಪು ಕೊಟ್ಟುಬಿಡುತ್ತದೆ. ನಾನೂ ಎಷ್ಟೋ ವರ್ಷ ಅದನ್ನು ನಂಬಿದ್ದೆ, ನನಗೆ ಮನೋಬಲವೇ ಇಲ್ಲ ಅಂದುಕೊಂಡಿದ್ದೆ. ಈಗ ಹಿಂತಿರುಗಿ ನೋಡಿದರೆ ಕಾರಣ ಬೇರೆ ಕಾಣುತ್ತದೆ. ಮೂರು ಸಲವೂ ಏನು ಮಾಡಬೇಕು ಎಂದು ತುಂಬಾ ಯೋಚಿಸಿದ್ದೆ. ಶೂ ಯಾವುದು, ಎಷ್ಟು ಕಿಲೋಮೀಟರ್, ಯಾವ ದಿನ ಕಾಲಿಗೆ, ಯಾವ ದಿನ ಭುಜಕ್ಕೆ ಎಂದೆಲ್ಲ ಪಟ್ಟಿ ಮಾಡಿದ್ದೆ. ಯಾವಾಗ ಮಾಡಬೇಕು ಎನ್ನುವುದನ್ನು ಮಾತ್ರ ಆಯಾ ದಿನಕ್ಕೆ ಬಿಟ್ಟಿದ್ದೆ. ಬಿಡುವಾದಾಗ ಮಾಡೋಣ ಅಂತ. ಬಿಡುವು ಅನ್ನೋದು ತಾನಾಗಿ ಆಗೋದಿಲ್ಲ, ಅಲ್ವಾ? ಪ್ರತಿದಿನ ಸಂಜೆ ಹೊಸದಾಗಿ ಒಂದು ನಿರ್ಧಾರ ಮಾಡಬೇಕಾಗಿತ್ತು, ಅದೂ ದಿನವೆಲ್ಲ ದುಡಿದು ಸುಸ್ತಾದ ಹೊತ್ತಿನಲ್ಲಿ.

ನಾಲ್ಕನೇ ಸಲ ಪಟ್ಟಿ ಮಾಡಲಿಲ್ಲ. ಆರು ಗಂಟೆಗೆ ಎದ್ದು ಮುಖ ತೊಳೆದ ಕೂಡಲೇ ಶೂ ಹಾಕೋದು, ಆರೂವರೆವರೆಗೆ ಬೇರೆ ಏನೂ ಮಾಡದೆ ಇರೋದು. ನಿರ್ಧಾರ ಅಷ್ಟೇ. ಮೊದಲ ವಾರ ಬರೀ ನಡೆದೆ. ಕೆಲವು ದಿನ ಹತ್ತೇ ನಿಮಿಷಕ್ಕೆ ಮನೆಗೆ ಬಂದು ಉಳಿದ ಇಪ್ಪತ್ತು ನಿಮಿಷ ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದೆ. ಆದರೂ ಫೋನ್ ಮುಟ್ಟಲಿಲ್ಲ, ಅಡುಗೆಮನೆಗೆ ಹೋಗಲಿಲ್ಲ. ಆ ಹೊತ್ತು ಖಾಲಿ ಇದ್ದರೂ ಪರವಾಗಿಲ್ಲ, ಬೇರೆಯವರ ಪಾಲಾಗಬಾರದು ಎಂದು ಹಟ ಹಿಡಿದೆ.

21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಂಬಿದ್ದರಿಂದ ನನಗೆ ತೊಂದರೆಯೇ ಆಯಿತು, ಯಾಕೆಂದರೆ 22ನೇ ದಿನವೂ ಏಳೋದು ಅಷ್ಟೇ ಕಷ್ಟವಾಗಿತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಅವರ ಜೊತೆಯವರು ಇದನ್ನು ಅಳತೆ ಮಾಡಿ ನೋಡಿದ್ದಾರೆ. 96 ಜನ, 12 ವಾರ. ಒಬ್ಬೊಬ್ಬರೂ ತಮಗೆ ಬೇಕಾದ ಒಂದು ಸಣ್ಣ ಕೆಲಸ ಆರಿಸಿಕೊಂಡು, ದಿನದಲ್ಲಿ ಮೊದಲೇ ಇರುವ ಒಂದು ಸಂಗತಿಗೆ ಅದನ್ನು ಗಂಟು ಹಾಕಬೇಕಿತ್ತು. ತಿಂಡಿ ಆದಮೇಲೆ ಇದು, ಊಟಕ್ಕೆ ಮುಂಚೆ ಅದು, ಹೀಗೆ. ಯೋಚಿಸದೆಯೇ ಆ ಕೆಲಸ ನಡೆದುಹೋಗುವ ಹಂತ ಮುಟ್ಟಲು ಹಿಡಿದ ಕಾಲದ ಮಧ್ಯದ ಅಂಕಿ 66 ದಿನ, ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಕಡಿಮೆ, ಅರ್ಧ ಜನಕ್ಕೆ ಜಾಸ್ತಿ. ಆದರೆ ಒಬ್ಬರಿಗೂ ಇನ್ನೊಬ್ಬರಿಗೂ ಇದ್ದ ಅಂತರ ನೋಡಿ, 18 ದಿನದಿಂದ 254 ದಿನದವರೆಗೆ (12 ವಾರ ಮೀರಿದ್ದು ಲೆಕ್ಕ ಹಾಕಿ ತೆಗೆದ ಅಂದಾಜು). ನೀರು ಕುಡಿಯುವಂಥ ಸುಲಭದ ಕೆಲಸ ಬೇಗ ರೂಢಿಯಾಯಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು.

ಅದರಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟ ಮಾತು ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. ಬಿಡದೆ ಮಾಡಿದ ದಿನಗಳನ್ನು ಎಣಿಸುವ ಈಗಿನ ಆ್ಯಪ್‌ಗಳು ಇದಕ್ಕೆ ಪೂರ್ತಿ ತಿರುಗಾಮುರುಗಾ. 140 ದಿನ ಬಿಡದೆ ಮಾಡಿದ ಗೆಳತಿಯೊಬ್ಬಳಿಗೆ 141ನೇ ದಿನ ಜ್ವರ ಬಂತು. ಲೆಕ್ಕ ಸೊನ್ನೆಗೆ ಇಳಿಯಿತು. ಅವಳು ಮತ್ತೆ ಶುರು ಮಾಡಲೇ ಇಲ್ಲ. 140 ದಿನ ಅವಳ ಮೈಯಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಪರದೆಯ ಮೇಲಿನ ಸೊನ್ನೆ ಅದನ್ನು ಮರೆಸಿಬಿಟ್ಟಿತು. ಇದು ನನಗೆ ಇವತ್ತಿಗೂ ಬೇಜಾರು.

10,000 ಹೆಜ್ಜೆಯ ಕಥೆಯೂ ಹೆಚ್ಚುಕಮ್ಮಿ ಹೀಗೇ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರುಕಟ್ಟೆಗೆ ಬಂತು, ಹೆಸರು ಮಾನ್ಪೊ-ಕೇ. 10,000 ಹೆಜ್ಜೆ ಅಳೆಯುವುದು ಅಂತ ಅರ್ಥ. ಆ ಅಂಕಿ ಜಗತ್ತೆಲ್ಲ ಹರಡಿದ್ದು ಅಲ್ಲಿಂದ, ಯಾವ ವೈದ್ಯಕೀಯ ಲೆಕ್ಕದಿಂದಲೂ ಅಲ್ಲ. ಅಮೆರಿಕದಲ್ಲಿ ಸರಾಸರಿ 72 ವರ್ಷದ 16,000ಕ್ಕೂ ಹೆಚ್ಚು ಹೆಂಗಸರ ಹೆಜ್ಜೆ ಎಣಿಸಿ, ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ, 2019ರಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700ರ ಆಸುಪಾಸು ನಡೆದವರಿಗಿಂತ, ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. 7,500ರ ಹೊತ್ತಿಗೆ ಲಾಭ ಏರುವುದು ನಿಂತಿತು. 10,000 ಆಗಲಿಲ್ಲ ಎಂದು ರಾತ್ರಿ ಕೊರಗುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಹೊತ್ತಿನ ವಿಷಯಕ್ಕೆ ಬರುತ್ತೇನೆ. ಇದನ್ನು ಯೋಚಿಸುವಾಗೆಲ್ಲ ನನಗೆ ಲಂಡನ್ನಿನ ಬಸ್ಸುಗಳು ನೆನಪಾಗುತ್ತವೆ. ಜೆರಿ ಮಾರಿಸ್ ಎಂಬ ವೈದ್ಯರು ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಪಾಳಿ, ಹೆಚ್ಚುಕಡಿಮೆ ಒಂದೇ ಬಗೆಯ ಬದುಕು. ಡ್ರೈವರ್ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲಿನ ಅಂತಸ್ತಿಗೆ ಹತ್ತಿ ಇಳಿದು ದಿನಕ್ಕೆ ನೂರಾರು ಮೆಟ್ಟಿಲು ಮುಗಿಸುತ್ತಾನೆ. 1953ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ ಇತ್ತು, ಬಂದರೂ ಸಾವು ಕಡಿಮೆ ಇತ್ತು. ಅಂಚೆ ಹಂಚುವವರನ್ನು ಮೇಜಿನ ಮುಂದೆ ಕೂತು ಕೆಲಸ ಮಾಡುವವರ ಜೊತೆ ಹೋಲಿಸಿದಾಗಲೂ ಅದೇ ಕಂಡಿತು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಡ್ರೈವರ್ ಕೆಲಸಕ್ಕೆ ಸೇರುವವರು ಮೊದಲೇ ದಪ್ಪ ಇದ್ದಿರಬಹುದಾ ಎಂಬ ಅನುಮಾನ ಅವರಿಗೇ ಬಂತು. ಅವರವರಿಗೆ ಕೊಟ್ಟ ಸಮವಸ್ತ್ರದ ಸೊಂಟದ ಅಳತೆ ತೆಗೆದು ನೋಡಿದರು. ಡ್ರೈವರ್‌ಗಳ ಸೊಂಟ ನಿಜಕ್ಕೂ ದೊಡ್ಡದಿತ್ತು. ಅದನ್ನೂ ಮುಚ್ಚಿಡದೆ ಪ್ರಕಟಿಸಿ, ಮತ್ತೆ ಮತ್ತೆ ಬೇರೆ ಬೇರೆ ಜನರ ಮೇಲೆ ಪರೀಕ್ಷೆ ಮುಂದುವರಿಸಿದರು. ತೀರಿಕೊಂಡಾಗ ಅವರಿಗೆ 99 ವರ್ಷ, 2009ರಲ್ಲಿ.

ನನ್ನ ತಲೆಯಲ್ಲಿ ಉಳಿದುಬಿಟ್ಟದ್ದು ಆ ಕಂಡಕ್ಟರ್‌ಗಳ ಮೆಟ್ಟಿಲು. ಅವರಲ್ಲಿ ಯಾರೂ ಬೆಳಗ್ಗೆ ಎದ್ದು, ಇವತ್ತು ಮೆಟ್ಟಿಲು ಹತ್ತಬೇಕಾ ಬೇಡವಾ ಎಂದು ಯೋಚಿಸಿರಲಿಕ್ಕಿಲ್ಲ. ಮನಸ್ಸಿದ್ದರೂ ಇಲ್ಲದಿದ್ದರೂ ಮೆಟ್ಟಿಲು ಅಲ್ಲೇ ಇತ್ತು, ಮೇಲೆ ಟಿಕೆಟ್ ಕೇಳುವ ಜನ ಇದ್ದರು. ಬೇಸರದ ದಿನವೂ ಹತ್ತಿದರು, ಖುಷಿಯ ದಿನವೂ ಹತ್ತಿದರು. ನನ್ನ ಕೆಲಸದಲ್ಲಿ ಮೆಟ್ಟಿಲಿಲ್ಲ. ನಿಮ್ಮಲ್ಲೂ ತುಂಬಾ ಜನರ ಕೆಲಸದಲ್ಲಿ ಇಲ್ಲ. ಆರರಿಂದ ಆರೂವರೆ ನನ್ನ ಪಾಲಿಗೆ ಆ ಮೆಟ್ಟಿಲಿನ ಹಾಗೆ. ದಿನದ ನಡುವೆ ಸುಮ್ನೆ ನಿಂತಿರುತ್ತದೆ, ಹತ್ತದೆ ಮುಂದೆ ಹೋಗೋಕೆ ಆಗೋದಿಲ್ಲ.

ನಾಲ್ಕನೇ ವರ್ಷ ಬಲಮಂಡಿ ಕೈಕೊಟ್ಟಿತು. ಓಡುವ ದೂರವನ್ನು ಆತುರದಿಂದ ಏರಿಸಿದ್ದೆ. ಆರು ವಾರ ಓಡುವ ಹಾಗಿಲ್ಲ ಎಂದರು ಡಾಕ್ಟರ್, ಅದು ಆಮೇಲೆ ನಾಲ್ಕು ತಿಂಗಳಾಯಿತು. ಮರುದಿನ ಆರು ಗಂಟೆಗೆ ಎಚ್ಚರವಾಯಿತು. ಹಾಸಿಗೆಯಲ್ಲೇ ಮಲಗಿ, ಇಷ್ಟು ವರ್ಷದ್ದು ಮುಗಿಯಿತು ಅಂದುಕೊಂಡೆ. ಆದರೆ ಮೈಗೆ ಎದ್ದು ರೂಢಿಯಾಗಿತ್ತು. ಎದ್ದೆ, ಮುಖ ತೊಳೆದೆ, ಇನ್ನೇನು ಮಾಡೋದು ಗೊತ್ತಾಗದೆ ಚಾಪೆ ಹಾಸಿದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮ ಹತ್ತು ನಿಮಿಷಕ್ಕೆ ಮುಗಿದವು. ಗೋಡೆಗೆ ಕೈಯಿಟ್ಟು ದಂಡ ಹೊಡೆದೆ. ಮಂಡಿ ಕೆಟ್ಟಿತ್ತು ನಿಜ, ಭುಜಕ್ಕೆ ಏನಾಗಿತ್ತು? ಬೆನ್ನಿಗೆ ಏನಾಗಿತ್ತು? ನಾಲ್ಕು ವರ್ಷ ಓಟವೇ ನನ್ನ ಅಭ್ಯಾಸ ಅಂದುಕೊಂಡಿದ್ದೆ. ಅದು ತಪ್ಪು ಎಂದು ತಿಳಿದದ್ದು ಆ ದಿನ. ಓಟದ ಮೇಲೆ ಕಟ್ಟಿಕೊಂಡ ಅಭ್ಯಾಸವಾಗಿದ್ದರೆ ಓಟದ ಜೊತೆಗೇ ಬಿದ್ದುಹೋಗುತ್ತಿತ್ತು. ಮುಂದೆ ಬೆನ್ನುನೋವು ಬಂದಾಗ, ಊರು ಬಿಟ್ಟು ತಿರುಗಬೇಕಾದಾಗ, ಕೆಲಸ ಬದಲಾದಾಗ, ಎಲ್ಲ ಸಲವೂ ಚಾಪೆ ಹಾಸಿದ ಆ ಬೆಳಗು ಕೈಹಿಡಿದಿದೆ.

ಸುಮ್ಮನೆ ಮಲಗಿಬಿಟ್ಟರೆ ಮೈ ಎಷ್ಟು ಬೇಗ ಇಳಿಯುತ್ತದೆ ಎಂದು ತಿಳಿದರೆ ಯಾರಿಗಾದರೂ ಭಯವಾಗುತ್ತದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೈ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದರ ಮೇಲೆ ದಮ್ಮನ್ನು ಅಳೆಯುತ್ತಾರೆ. ಅದು ತೀರಾ ಕುಸಿದಿತ್ತು. 30 ವರ್ಷ ಆದಮೇಲೆ ಅದೇ ಐವರನ್ನು ಹುಡುಕಿ ಕರೆಸಿ ಮತ್ತೆ ಅಳೆದರು. ಆಗ ಅವರಿಗೆ 50. ದಪ್ಪಗಾಗಿದ್ದರು, ಮೈಯಲ್ಲಿ ಕೊಬ್ಬು ಸೇರಿತ್ತು. ಹಾಗಿದ್ದರೂ 30 ವರ್ಷದ ಮುಪ್ಪು ಕಳೆದಷ್ಟು ದಮ್ಮಿಗಿಂತ ಆ ಮೂರು ವಾರದ ಹಾಸಿಗೆ ಕಳೆದ ದಮ್ಮೇ ಜಾಸ್ತಿ ಇತ್ತು. ಆಮೇಲೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಮಾಡಿಸಿದರು. ವಯಸ್ಸಿನಿಂದ ಕಳೆದುಹೋಗಿದ್ದ ದಮ್ಮು ವಾಪಸ್ ಬಂತು, 20ರಲ್ಲಿ ಮೊದಲ ದಿನ ಅಳೆದಾಗ ಇದ್ದ ಮಟ್ಟಕ್ಕೆ. ಐದೇ ಜನ, ನಿಜ. ಆದರೂ ಅದನ್ನು ಓದಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಎಷ್ಟು ಮಾಡಬೇಕು ಎಂದು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ನೇರವಾಗಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಶಕ್ತಿ ಬರುವಂಥ ಕೆಲಸ. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು. ಹಿಂದೆ, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಷರತ್ತಿತ್ತು. ಈಗ ಅದನ್ನು ತೆಗೆದಿದ್ದಾರೆ, ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಅರ್ಧ ಗಂಟೆ ಎಂದರೆ ವಾರಕ್ಕೆ 210 ನಿಮಿಷ ಆಯಿತು. ಅಷ್ಟು ಸಾಕು, ಇದಕ್ಕಿಂತ ದೊಡ್ಡ ಲೆಕ್ಕದ ಅಗತ್ಯ ನನಗೆ ಬಿದ್ದಿಲ್ಲ. ನಡಿಗೆ ಒಂದನ್ನೇ ನೆಚ್ಚಿಕೊಂಡವರಿಗೆ ಮಾತ್ರ ಒಂದು ಮಾತು. 30 ದಾಟಿದ ಮೇಲೆ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕರಗುತ್ತಾ ಹೋಗುತ್ತದೆ, 60ರ ನಂತರ ಇನ್ನೂ ಬೇಗ. ಬರೀ ನಡಿಗೆ ಅದನ್ನು ತಡೆಯೋದಿಲ್ಲ. ಭಾರ ಎತ್ತಬೇಕು, ಅಥವಾ ನಮ್ಮ ಮೈಯನ್ನೇ ಭಾರವಾಗಿ ಎತ್ತಬೇಕು.

ತೂಕದ ಮಾತು ಬೇಕೆಂದೇ ದೂರ ಇಟ್ಟಿದ್ದೇನೆ. ಮೊದಲ ಮೂರು ಸಲ ಬಿಟ್ಟಿದ್ದರಲ್ಲಿ ಎರಡು ಸಲ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ ಎಂಬುದೇ ಕಾರಣವಾಗಿತ್ತು. ಮೈ ಗಟ್ಟಿಯಾಗುವುದು, ನಿದ್ದೆ ಚೆನ್ನಾಗಿ ಬರುವುದು, ಏದುಸಿರು ಬಿಡದೆ ಮೇಲಿನ ಮಹಡಿ ಮುಟ್ಟುವುದು, ಇವು ಯಾವುವೂ ತಕ್ಕಡಿಯಲ್ಲಿ ಕಾಣೋದಿಲ್ಲ.

ಬೆಳಗಿನ ಹೊತ್ತೇ ಆಗಬೇಕು ಎಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿಯವರಿಗೆ, ಹಸುಗೂಸು ಇರುವ ಮನೆಯಲ್ಲಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಬೆಳಗ್ಗೆ ಬೇಗ ಏಳಿ ಎಂದು ಉಪದೇಶ ಮಾಡೋದು ಸರಿಯಲ್ಲ, ಅವರು ಮಲಗಿರೋದೇ ಎಷ್ಟೋ ಹೊತ್ತಿಗೆ. ಗಡಿಯಾರ ಹಿಡಿಯಲು ಆಗದಿದ್ದರೆ ದಿನದ ಯಾವುದೋ ಒಂದು ಘಟನೆ ಹಿಡಿಯಬಹುದು. ಮಗು ಮಲಗಿದ ಕೂಡಲೇ. ಪಾಳಿ ಮುಗಿಸಿ ಬಂದು ಬಟ್ಟೆ ಬದಲಿಸುವ ಮುಂಚೆ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ವಾರ ನಾನು ರಾತ್ರಿ ಅಲ್ಲೇ ಇರುತ್ತಿದ್ದೆ. ಬೆಳಗ್ಗೆ ಆರಕ್ಕೆ ನರ್ಸ್ ಬಂದು ಮೈ ಒರೆಸುವಾಗ ಜೊತೆಯವರು ಹೊರಗೆ ಇರಬೇಕು. ಆ ಹೊತ್ತಿನಲ್ಲಿ ನಾಲ್ಕು ಮಹಡಿಯ ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಕೆಲವು ದಿನ ಎರಡನೇ ಮಹಡಿಯ ತಿರುವಿನಲ್ಲಿ ಕೂತು ಅತ್ತಿದ್ದೇನೆ. ಅದೂ ಆ ಅರ್ಧ ಗಂಟೆಯಲ್ಲೇ. ಅಪ್ಪ ಒಮ್ಮೆ ಕೇಳಿದರು, "ಎಲ್ಲಿಗೆ ಹೋಗಿದ್ದೆ? ಬೆವತಿದ್ದೀಯಲ್ಲ." ಮೆಟ್ಟಿಲು ಹತ್ತುತ್ತಿದ್ದೆ ಅಂದೆ. "ಬಿಡಬೇಡ," ಅಂದರು. ಅವರ ಕಾಲುಗಳು ಆಗ ಹೊದಿಕೆಯ ಕೆಳಗೆ ತೀರಾ ಸಣ್ಣಗಾಗಿದ್ದವು.

ಅಪ್ಪ ಹೋದ ಮರುವರ್ಷ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ. ಆದರೆ ಆಮೇಲೆ ಬೀಳುವ ಭಯಕ್ಕೇ ಓಡಾಟ ಕಡಿಮೆ ಮಾಡಿದಳು, ಓಡಾಟ ಕಡಿಮೆಯಾದಷ್ಟೂ ಕಾಲು ಸೋತವು. ಅವಳಿಗೆ ಆಗ 74. ನಾನು ವ್ಯಾಯಾಮದ ಮಾತೆತ್ತಿದಾಗೆಲ್ಲ ಒಂದೇ ಗಾದೆ ಹೇಳುತ್ತಿದ್ದಳು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೆ?" ಈ ಒಂದು ಗಾದೆಯ ಜೊತೆ ನನಗೆ ಜಗಳವಿದೆ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ 86ರಿಂದ 96 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಮರಿಯಾ ಫಿಯಾಟರೋನ್ ಎಂಬ ವೈದ್ಯೆಯ ತಂಡ ಅದು. ಸುಮ್ನೆ ಕೈಕಾಲು ಆಡಿಸುವುದಲ್ಲ, ಅವರವರ ಶಕ್ತಿಗೆ ನಿಜಕ್ಕೂ ಕಷ್ಟವಾಗುವಷ್ಟು ಭಾರ. ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ ಶೇಕಡಾ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಅದನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "96 ವರ್ಷದವರೂ ಇದ್ರಾ?" ಎಂದಳು.

ಡಾಕ್ಟರ್ ಹತ್ತಿರ ತೋರಿಸಿ, ಎದೆ, ಬಿಪಿ ಎಲ್ಲ ನೋಡಿಸಿಕೊಂಡು ಶುರು ಮಾಡಿದೆವು. ಹಿರಿಯರ ಕಾಲಿನ ಬಲ ನೋಡಲು ಒಂದು ಸುಲಭದ ಪರೀಕ್ಷೆಯಿದೆ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡು, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರಬಹುದು ಎಂದು ಎಣಿಸುವುದು. ಎಪ್ಪತ್ತರ ಹರೆಯದ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ಏಳೋಕೆ ಕೈ ಊರಿದರೆ ಅಂಕ ಸೊನ್ನೆ. ಅಮ್ಮ ಮೊದಲ ದಿನ ತೆಗೆದುಕೊಂಡದ್ದು ಸೊನ್ನೆ. ದಿಂಬು ಎರಡು ಹಾಕಿ ಕುರ್ಚಿ ಎತ್ತರ ಮಾಡಿದೆವು, ಅದರಿಂದ ಎದ್ದಳು. ಎರಡು ತಿಂಗಳಿಗೆ ಒಂದು ದಿಂಬು ತೆಗೆದೆವು. ಇನ್ನೊಂದನ್ನು ತೆಗೆಯಲು ಅರ್ಧ ವರ್ಷ ಬೇಕಾಯಿತು. ನಡುವೆ ಒಮ್ಮೆ ಚಿಕೂನ್‌ಗುನ್ಯಾ ಆಗಿ ಕೀಲು ಕೀಲು ಹಿಡಿದುಕೊಂಡು ಆರು ವಾರ ಕುರ್ಚಿಯ ಹತ್ತಿರವೂ ಹೋಗಲಿಲ್ಲ. ಆದರೆ ಬೆಳಗ್ಗೆ ಆರಕ್ಕೆ ಫೋನ್ ಬರುತ್ತಿತ್ತು. ಹಾಸಿಗೆಯಲ್ಲೇ ಕೂತು ಪಾದ ತಿರುಗಿಸುತ್ತಿದ್ದಳು, ನಾನು ಈಚೆ ಕಡೆಯಿಂದ ಎಣಿಸುತ್ತಿದ್ದೆ.

ಈಗ ಅವಳಿಗೆ 78. ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿದ್ದೇವೆ. ಆರಕ್ಕೆ ಅವಳೇ ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತಾಳೆ. ಕುರ್ಚಿ ಗೋಡೆಗೆ ತಾಗುವ ಸದ್ದು ಕೇಳುತ್ತದೆ, ಹಿಂದೆ ಸರಿಯದಿರಲಿ ಎಂದು ಗೋಡೆಗೆ ಒತ್ತಿಡೋದು ಅವಳೇ ಕಂಡುಕೊಂಡ ಉಪಾಯ. ನಾನು ಈ ಕಡೆ ಬಸ್ಕಿ ಹೊಡೆಯುತ್ತಿರುತ್ತೇನೆ, ಅವಳು ಆ ಕಡೆ ಎದ್ದು ಕೂತು ಎಣಿಸುತ್ತಿರುತ್ತಾಳೆ. ಮಾತು ಜಾಸ್ತಿ ಇರೋದಿಲ್ಲ. ಇವತ್ತು ಬೆಳಗ್ಗೆ ಒಂಬತ್ತರವರೆಗೆ ದನಿ ಗಟ್ಟಿಯಾಗಿತ್ತು, ಹತ್ತಕ್ಕೆ ಸ್ವಲ್ಪ ತಡವಾಯಿತು. ನಾನು ನಿಂತು ಕಾದೆ.

"ಹನ್ನೊಂದು," ಎಂದಳು. ಆಮೇಲೆ ಉಸಿರು ಎಳೆದುಕೊಂಡು, "ಕೈ ಊರಿಲ್ಲ ಕಣೇ."